ಬಸಿಲಿಕಾ: ಅರಸನ ಪಡಸಾಲೆಯಿಂದ ದೇವರ ಮನೆಗೆ

ಬಸಿಲಿಕಾ ಅಂದರೆ ದೊಡ್ಡ ಚರ್ಚು ಅಂತಲೇ ನಾವು ಬಹಳ ಕಾಲ ತಿಳಿದಿದ್ದೆವು. ಬೆಂಗಳೂರಿನ ಶಿವಾಜಿನಗರಕ್ಕೆ ಹೋದವರಿಗೆ ಮೇರಿ ಮಾತೆಯ ಬಸಿಲಿಕಾ ಕಾಣದೆ ಇರುವುದಿಲ್ಲ. ಆದರೆ ಆ ಹೆಸರು ದೇವರದ್ದಲ್ಲ, ಅರಸನದು.

ಗ್ರೀಕ್ ಭಾಷೆಯಲ್ಲಿ ಬಸಿಲಿಯಸ್ ಅಂದರೆ ಅರಸ. ಬಸಿಲಿಕೆ ಅಂದರೆ ಅರಸನಿಗೆ ಸೇರಿದ್ದು. 'ಅರಸನ ಪಡಸಾಲೆ' ಎಂಬ ಜೋಡುಮಾತಿನಲ್ಲಿ ಪಡಸಾಲೆ ಬಿದ್ದುಹೋಗಿ ಅರಸ ಮಾತ್ರ ಉಳಿದ. ಅಥೆನ್ಸಿನಲ್ಲಿ ಅರಸೊತ್ತಿಗೆ ಹೋದ ಮೇಲೂ ವರ್ಷಕ್ಕೊಬ್ಬ ಅಧಿಕಾರಿಗೆ 'ಅರಸ' ಎಂಬ ಬಿರುದಿತ್ತು. ದೇವರ ಕಾರ್ಯ, ಕೊಲೆ ಮೊಕದ್ದಮೆ ಅವನ ಪಾಲಿಗೆ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್ ದೈವದ್ರೋಹದ ಆಪಾದನೆ ಹೊತ್ತು ಹೋದದ್ದು ಅವನ ಪಡಸಾಲೆಗೇ.

ಕಾಮಕಸ್ತೂರಿ ಗಿಡಕ್ಕೆ ಇಂಗ್ಲಿಷಿನವರು ಬೇಸಿಲ್ ಅನ್ನುವುದೂ ಇದೇ ಬೇರಿನಿಂದ. ಸೊಪ್ಪಿಗೂ ಅರಸನ ಹೆಸರೇ! ನಮ್ಮ ಬಸದಿಗೆ ಮಾತ್ರ ಇದರ ನಂಟಿಲ್ಲ, ಅದು ಬಂದದ್ದು ವಸತಿಯಿಂದ. 'ಬಸ' ಕಂಡ ಕೂಡಲೇ ನಂಟಸ್ತನ ಕಟ್ಟಲು ಓಡುವ ಪಂಡಿತರು ಸ್ವಲ್ಪ ತಾಳಬೇಕು.

ರೋಮಿನವರಿಗೆ ಅರಸ ಅನ್ನುವ ಮಾತೇ ಆಗುತ್ತಿರಲಿಲ್ಲ. ಅರಸರನ್ನು ಓಡಿಸಿ ಗಣರಾಜ್ಯ ಕಟ್ಟಿದೆವೆಂಬ ಜಂಬ ಅವರದು. ಆದರೂ ಕ್ರಿ.ಪೂ. 184ರಲ್ಲಿ ಕೇಟೋ ಎಂಬ ಅಧಿಕಾರಿ ಫೋರಂ ಎಂಬ ಊರನಡುವಿನ ಬಯಲಲ್ಲಿ ಸರ್ಕಾರದ ಹಣದಿಂದ ಹಜಾರವೊಂದನ್ನು ಕಟ್ಟಿಸಿದಾಗ, ಅದಕ್ಕೆ ಬಿದ್ದದ್ದು ಈ ಗ್ರೀಕ್ ಹೆಸರೇ. ಅದು ಗುಡಿಯಲ್ಲ. ನಮ್ಮ ಊರಿನ ಮಾತಲ್ಲಿ ಹೇಳೋದಾದ್ರೆ ಚಾವಡಿ. ಇಂಥ ಹಲವು ಹಜಾರಗಳು ಆಮೇಲೆ ಎದ್ದವು. ಎರಡು ಕಡೆ ಕಂಬಸಾಲು, ನಡುವೆ ಎತ್ತರದ ಚಾವಣಿ, ಮೇಲ್ಗೋಡೆಯ ಕಿಟಕಿಗಳಿಂದ ಬೆಳಕು. ಸಾಲದ ಲೆಕ್ಕ, ವ್ಯಾಪಾರದ ಮಾತು, ವಕೀಲರ ಗದ್ದಲ ಎಲ್ಲ ಒಂದೇ ಸೂರಿನಡಿ. ಕಟ್ಟಡಗಳ ಬಗ್ಗೆ ಪುಸ್ತಕ ಬರೆದ ವಿಟ್ರೂವಿಯಸ್, ಚಳಿಗಾಲದಲ್ಲಿ ವ್ಯಾಪಾರಿಗಳಿಗೆ ತೊಂದರೆಯಾಗದ ಹಾಗೆ ಬಸಿಲಿಕಾವನ್ನು ಬೆಚ್ಚನೆಯ ಕಡೆ ಕಟ್ಟಬೇಕು ಅನ್ನುತ್ತಾನೆ. ವ್ಯಾಪಾರಿಯ ಚಳಿ ಅವನಿಗೆ ಕಂಡಿತು. ಬಸಿಲಿಕಾ ಜೂಲಿಯಾದ ಮೆಟ್ಟಿಲ ಮೇಲೆ ಹೊತ್ತು ಕಳೆಯಲು ಕೂತವರು ಕೊರೆದ ಆಟದ ಮನೆಗಳು ಇಂದಿಗೂ ಇವೆ, ನಮ್ಮ ಜಗಲಿಕಲ್ಲಿನ ಹುಲಿ-ಕುರಿ ಆಟದ ಗೆರೆಗಳ ಹಾಗೆ.

ಚಾವಡಿ ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ನಮ್ಮ ಅಪ್ಪಂದಿರು, ತಾತಂದಿರು ಚಾವಡಿಯ ಒಳಗೆ ಕಾಲಿಟ್ಟವರಲ್ಲ. ಕೆಳಗೆ ಬಿಸಿಲಲ್ಲಿ ನಿಂತು 'ಬುದ್ಧೀ' ಅಂತ ಕೈಮುಗಿದು ಉತ್ತರ ಹೇಳಿದವರು. ಹಾಗಾಗಿ ಯಾವ ದೇಶದ ಚಾವಡಿಯ ಕತೆ ಓದಿದರೂ ನಮ್ಮ ಕಣ್ಣು ಮೊದಲು ಹೋಗುವುದು ಮೆಟ್ಟಿಲ ಕೆಳಕ್ಕೆ. ಇಲ್ಲಿ ಯಾರನ್ನು ನಿಲ್ಲಿಸಿದ್ದರು?

ರೋಮಿನಲ್ಲಿ ಗುಲಾಮರನ್ನು. ಗುಲಾಮನ ಸಾಕ್ಷ್ಯವನ್ನು ಚಿತ್ರಹಿಂಸೆ ಕೊಟ್ಟೇ ಪಡೆಯಬೇಕು ಎನ್ನುವುದು ಅಲ್ಲಿನ ನ್ಯಾಯಪದ್ಧತಿ. ಬಸಿಲಿಕಾ ಕಟ್ಟಿಸಿದ ಕೇಟೋ ಬೇಸಾಯದ ಬಗ್ಗೆಯೂ ಪುಸ್ತಕ ಬರೆದವನು. ಮುದಿ ಎತ್ತು, ಹಳೇ ಗಾಡಿಗಳ ಜೊತೆ ಮುದಿಯಾದ, ರೋಗ ಹಿಡಿದ ಗುಲಾಮನನ್ನೂ ಮಾರಿಬಿಡಿ ಎಂದು ಜಮೀನ್ದಾರರಿಗೆ ಅದರಲ್ಲಿ ಬುದ್ಧಿ ಹೇಳುತ್ತಾನೆ.

ಕ್ರಿ.ಶ. 112ರಲ್ಲಿ ಚಕ್ರವರ್ತಿ ಟ್ರೇಜನ್ ತೆರೆದ ಬಸಿಲಿಕಾ ಉಲ್ಪಿಯಾ ಇನ್ನೂ ದೊಡ್ಡದು. ಈಗಿನ ರುಮೇನಿಯಾದ ಕಡೆಯ ಡೇಸಿಯಾವನ್ನು ಗೆದ್ದ ಲೂಟಿಯ ಹಣ. ಸೆರೆಸಿಕ್ಕ ಡೇಸಿಯನ್ನರನ್ನು ಕಲ್ಲಿನಲ್ಲಿ ಕಡೆದು ಆ ಫೋರಂನಲ್ಲಿ ನಿಲ್ಲಿಸಿದ್ದರು. ಆದರೆ ಹಳೆಯ ರೋಮಿನ ಅಮೃತಶಿಲೆಯ ನಕ್ಷೆಯಲ್ಲಿ, ಈ ಬಸಿಲಿಕಾದ ಒಂದು ತುದಿಯ ಅರೆವೃತ್ತದ ಮೇಲೆ 'ಸ್ವಾತಂತ್ರ್ಯದ' ಎಂಬರ್ಥದ ಲ್ಯಾಟಿನ್ ಪದ ಕೆತ್ತಿದೆ. ಒಡೆಯರು ಗುಲಾಮರನ್ನು ಬಿಡುಗಡೆ ಮಾಡುವ ವಿಧಿ ಅಲ್ಲಿ ನಡೆಯುತ್ತಿತ್ತು ಎಂದು ವಿದ್ವಾಂಸರ ಊಹೆ. ಹಿಂಸೆಯ ಸಾಕ್ಷ್ಯವೂ ಬಿಡುಗಡೆಯ ಮಾತೂ ಇದೇ ಬಗೆಯ ಹಜಾರಗಳಲ್ಲಿ.

313ರ ಹೊತ್ತಿಗೆ ಕಾನ್‌ಸ್ಟಂಟೈನ್ ಆಳ್ವಿಕೆಯಲ್ಲಿ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸಲು ಅವಕಾಶ ಸಿಕ್ಕಿತು. ಕಟ್ಟಡ ಯಾವ ನಮೂನೆಯದು? ರೋಮಿನ ಹಳೇ ದೇವಾಲಯ ವಿಗ್ರಹದ ಮನೆ; ಬಲಿಪೀಠ ಹೊರಗೆ, ಜನವೂ ಹೊರಗೆ. ಇವರಿಗೆ ಬೇಕಾದದ್ದು ಜನ ಒಳಗೇ ಕೂಡುವ ಜಾಗ. ಚಾವಡಿಯ ನಮೂನೆ ಸಿದ್ಧವಾಗಿತ್ತು. ರೋಮಿನ ಲ್ಯಾಟರನ್‌ನಲ್ಲಿ ಚಕ್ರವರ್ತಿಯೇ ದೊಡ್ಡ ಬಸಿಲಿಕಾ ಕಟ್ಟಿಸಿಕೊಟ್ಟ. ಗುಡಿಯ ಬಾಗಿಲಲ್ಲಿ ತಡೆಸಿಕೊಂಡ ನಮಗೆ ಜನ ಒಳಗೆ ಹೋದರು ಅನ್ನುವುದು ಸಣ್ಣ ಮಾತಲ್ಲ. 321ರ ಕಾಯಿದೆಯ ಪ್ರಕಾರ ಚರ್ಚಿನಲ್ಲಿ ಬಿಡುಗಡೆಯಾದ ಗುಲಾಮನಿಗೆ ರೋಮಿನ ಪೌರತ್ವವೂ ಸಿಗುತ್ತಿತ್ತು.

ಅಷ್ಟಕ್ಕೇ ಹಿಗ್ಗುವಂತಿಲ್ಲ. ನ್ಯಾಯಾಧಿಪತಿ ಕೂರುತ್ತಿದ್ದ ತುದಿಯ ಅರೆವೃತ್ತದಲ್ಲಿ ಈಗ ಬಿಷಪ್ ಕೂತ. ಚರ್ಚಿನ ಜಮೀನುಗಳಲ್ಲೇ ಗುಲಾಮರು ದುಡಿಯುತ್ತಿದ್ದರು. ಅದೇ ಕಾನ್‌ಸ್ಟಂಟೈನನ ಸಿಂಹಾಸನದ ಹಜಾರ ಜರ್ಮನಿಯ ಟ್ರಿಯರ್‌ನಲ್ಲಿ ಇನ್ನೂ ನಿಂತಿದೆ, ಚರ್ಚಿನದೇ ಆಕಾರ. 19ನೇ ಶತಮಾನದಲ್ಲಿ ಅದೂ ಚರ್ಚಾಯಿತು. (ಕಾರ್ಲ್ ಮಾರ್ಕ್ಸ್ 1818ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ.)

ಒಂದೇ ಸೂರು ಅಂದಮಾತ್ರಕ್ಕೆ ಒಂದೇ ಸಾಲೂ ಅಲ್ಲ. ನೆರೆಯ ತಮಿಳುನಾಡಿನ ವಡಕ್ಕನ್‌ಕುಳಂ ಊರಿನ ಚರ್ಚಿಗೆ 1872ರಲ್ಲಿ ಎರಡು ಹಜಾರ ಕಟ್ಟಿದರು, ಒಂದು ಜಾತಿಯವರ ಕಣ್ಣಿಗೆ ಇನ್ನೊಂದು ಜಾತಿಯವರು ಬೀಳದ ಹಾಗೆ. ನಡುವಿನ ಗೋಡೆ ಒಡೆದದ್ದು 1910ರಲ್ಲಿ.

ನಮ್ಮ ಕರಾವಳಿಯವರ ಬಾಯಲ್ಲಿರುವ ಇಗರ್ಜಿ ಎಂಬ ಪದವನ್ನು ಇಲ್ಲಿ ಎದುರಿಗಿಟ್ಟು ನೋಡಬೇಕು. ಪೋರ್ಚುಗೀಸರ ಮೂಲಕ ಬಂದ ಈ ಮಾತಿನ ಬೇರು ಗ್ರೀಕಿನ ಎಕ್ಲೇಸಿಯಾ, ಅಥೆನ್ಸಿನ ಪೌರರ ಸಭೆ. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿರಲಿಲ್ಲ, ನಿಜ. ಆದರೂ ಅದು ಸಭೆಯ ಹೆಸರು. ಇದು ಅರಸನ ಹೆಸರು. ಗೌರವ ಸಿಕ್ಕಿದ್ದು ಅರಸನ ಹೆಸರಿಗೇ.

ಯಾಕೆಂದರೆ ಬಸಿಲಿಕಾ ಈಗ ಕಟ್ಟಡದ ನಮೂನೆಯಲ್ಲ, ಪೋಪ್ ಕೊಡುವ ಪದವಿ. ಹಿರಿಯ ಬಸಿಲಿಕಾಗಳು ನಾಲ್ಕೇ, ನಾಲ್ಕೂ ರೋಮಿನಲ್ಲಿ. ಉಳಿದವು ಕಿರಿಯವು. ಶಿವಾಜಿನಗರದ್ದಕ್ಕೆ 1970ರ ದಶಕದಲ್ಲಿ, ಕಾರ್ಕಳದ ಅತ್ತೂರಿನದಕ್ಕೆ 2016ರಲ್ಲಿ ಆ ಪದವಿ ಬಂತು. ಪದವಿಯ ಗುರುತುಗಳಲ್ಲಿ ಅರ್ಧ ಬಿಚ್ಚಿದ ಒಂದು ಛತ್ರಿಯೂ ಇದೆ. ಅರಸನ ತಲೆ ಹೋಗಿದೆ, ಕೊಡೆ ಉಳಿದಿದೆ.

ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದಲ್ಲಿ ಮಾತೆಗೆ ಸೀರೆ ಉಡಿಸಿ ತೇರು ಎಳೆಯುತ್ತಾರೆ. ಹೂವು, ಮೇಣದ ಬತ್ತಿ ಹಿಡಿದು ಎಲ್ಲ ಮತದ ಹೆಂಗಸರೂ ಬರುತ್ತಾರೆ. 'ಎಲ್ಲಿಗೆ ಹೊರಟ್ರಿ ಅಕ್ಕಾ?' ಅಂತ ಕೇಳಿದ್ದೆವು. 'ಮೇರಿಯಮ್ಮನ ಹತ್ರಕ್ಕೆ' ಅಂದರು.