ಆಟದ ಮೈಕ್: ಪುತ್ತೂರು, ಸುಳ್ಯ, ಕಡಬ ಸೀಮೆಯ ಯಕ್ಷಗಾನದಲ್ಲಿ ಧ್ವನಿವರ್ಧಕ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಯಕ್ಷಗಾನದ ಆಟಕ್ಕೂ ತಾಳಮದ್ದಳೆಯ ಕೂಟಕ್ಕೂ ಹಾಕುವ ಮೈಕ್ರೊಫೋನು, ಆಂಪ್ಲಿಫೈಯರು, ಹಾರ್ನು, ತಂತಿಗಳೆಲ್ಲ ಸೇರಿ ಜನರ ಬಾಯಲ್ಲಿ ‘ಮೈಕ್’. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯ ಯಕ್ಷಗಾನ ಪದ್ಧತಿಯಾದ ತೆಂಕುತಿಟ್ಟಿನ ಹಾಡುಗಾರಿಕೆ, ಮಾತುಗಾರಿಕೆ, ರಂಗದ ಚಲನೆ ಮೂರನ್ನೂ ಇದು ಬದಲಿಸಿತು. ವೇಷಭೂಷಣ, ಪ್ರಸಂಗ, ಕಲಾವಿದರ ಬಗ್ಗೆ ಗ್ರಂಥಗಳೇ ಇವೆ. ಇಷ್ಟು ದೊಡ್ಡ ಬದಲಾವಣೆ ತಂದ ಈ ಸಲಕರಣೆಗೆ ಮಾತ್ರ ಯಕ್ಷಗಾನದ ಚರಿತ್ರೆಯಲ್ಲಿ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ.

ಮೈಕ್ ಬರುವ ಮೊದಲು ಆಟದ ಸುದ್ದಿಯನ್ನು ಊರಿಗೆ ಮುಟ್ಟಿಸುತ್ತಿದ್ದುದು ‘ಕೇಳಿ’ ಎಂಬ ವಾದನ. ಸಂಜೆ ಚೆಂಡೆ ಮದ್ದಳೆಗಳಲ್ಲಿ ಕೇಳಿ ಬಾರಿಸಿದರೆ ಗುಡ್ಡದಾಚೆಯ ಮನೆಗೂ ಗೊತ್ತಾಗುತ್ತಿತ್ತು. ಬೆಳಕಿಗೆ ದೊಂದಿ, ಆಮೇಲೆ ಗ್ಯಾಸ್‌ಲೈಟು. ಸ್ವರಕ್ಕೆ ಮಾತ್ರ ಹಾಡುವ ಭಾಗವತರ ಕಂಠವೇ ಗತಿ. ತೆಂಕುತಿಟ್ಟಿನ ಚೆಂಡೆ ಬಯಲಿನಲ್ಲಿ ದೂರ ಕೇಳಿಸಲಿಕ್ಕೆಂದೇ ಇರುವ ವಾದ್ಯ. ಭಾಗವತರು ಅದರ ಪಕ್ಕದಲ್ಲೇ, ಅದನ್ನು ಮೀರಿ, ಬೆಳಗಿನವರೆಗೆ ಹಾಡಬೇಕಿತ್ತು. ಏರು ಶ್ರುತಿಯ ಪರಂಪರೆ ಬೆಳೆದದ್ದಕ್ಕೆ ಇದೊಂದು ಮುಖ್ಯ ಕಾರಣ. ಬಲಿಪ ನಾರಾಯಣ ಭಾಗವತರು (1938–2023) ಕೊನೆಯವರೆಗೂ ಉಳಿಸಿಕೊಂಡಿದ್ದ ತಾರಸ್ವರದ ಶೈಲಿಯನ್ನು ಕೇಳಿದವರಿಗೆ ಆ ಕಾಲದ ಹಾಡುಗಾರಿಕೆ ಹೇಗಿದ್ದಿರಬೇಕೆಂಬ ಅಂದಾಜು ಸಿಗುತ್ತದೆ. ಮಾತಾಡುವ ಅರ್ಥಧಾರಿಗಳ ಪಾಡೂ ಇದೇ. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೆ ಮಾತು ಮುಟ್ಟಬೇಕಾದರೆ ಎದೆಯಾಳದಿಂದ ಕೂಗಿ ಆಡಬೇಕು. ಪಿಸುಮಾತಿಗೆ, ನಿಟ್ಟುಸಿರಿಗೆ ರಂಗಸ್ಥಳದಲ್ಲಿ ಎಡೆಯಿರಲಿಲ್ಲ.

ಸಭೆಗೆ ಕೇಳಿಸುವ ಧ್ವನಿವರ್ಧಕ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. 1906ರಲ್ಲಿ ಲೀ ಡಿ ಫಾರೆಸ್ಟ್ ಮೂರು ವಿದ್ಯುದಗ್ರಗಳ ವಾಲ್ವನ್ನು ರೂಪಿಸಿದ. 1915ರಲ್ಲಿ ಜೆನ್ಸೆನ್ ಮತ್ತು ಪ್ರಿಧಮ್ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಜನಸಂದಣಿಗೆ ಧ್ವನಿವರ್ಧಕದ ಮೂಲಕ ಸ್ವರ ಕೇಳಿಸಿದರು. ಭಾರತದಲ್ಲಿ ಸಾರ್ವಜನಿಕ ಸಭೆಗಳಿಗೆ ಅದು ಒಗ್ಗಿದ್ದು ಕಾಂಗ್ರೆಸ್ ಅಧಿವೇಶನಗಳ ಕಾಲದಲ್ಲಿ, ನಾನಿಕ್ ಮೋಟ್ವಾನೆಯವರ ಶಿಕಾಗೊ ರೇಡಿಯೊ ಕಂಪನಿಯಿಂದ. 1940ರಲ್ಲಿ ಆರಂಭವಾದ ದೆಹಲಿಯ ಅಹುಜಾ ಕಂಪನಿಯ ಹೆಸರು ಮುಂದೆ ಹಳ್ಳಿಹಳ್ಳಿಯ ಹಾರ್ನುಗಳ ಮೇಲೆ ಕಾಣಿಸತೊಡಗಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ವಾಲ್ವುಗಳನ್ನು ದೇಶದಲ್ಲೇ ತಯಾರಿಸುತ್ತಿತ್ತು.

ಇದೇ ವಾಲ್ವ್ ಆಂಪ್ಲಿಫೈಯರು ಅಷ್ಟರಲ್ಲೇ ಅಮೆರಿಕದ ಕ್ಲಬ್ಬುಗಳಲ್ಲಿ ಬೇರೊಂದು ಜನ್ಮ ತಳೆದಿತ್ತು. ಆರ್‌ಸಿಎ ಕಂಪನಿ 1936ರಲ್ಲಿ ತಂದ 6ಎಲ್6 ಎಂಬ ವಾಲ್ವು ಸಭೆಯ ಆಂಪ್ಲಿಫೈಯರಿನಲ್ಲೂ ಇತ್ತು, ಫೆಂಡರ್ ಕಂಪನಿಯ ಗಿಟಾರ್ ಆಂಪ್ಲಿಫೈಯರಿನಲ್ಲೂ ಇತ್ತು. 1951ರಲ್ಲಿ ಮೆಂಫಿಸ್‌ನಲ್ಲಿ ‘ರಾಕೆಟ್ 88’ ಮುದ್ರಣವಾಗುವಾಗ ವಿಲ್ಲಿ ಕಿಜಾರ್ಟ್‌ನ ಗಿಟಾರ್ ಆಂಪ್ಲಿಫೈಯರು ಕೆಟ್ಟಿತ್ತು; ಅದರ ಒಡಕು ಸ್ವರವನ್ನು ಹಾಗೆಯೇ ಮುದ್ರಿಸಿದರು, ಆ ಒಡಕೇ ರಾಕ್ ಅಂಡ್ ರೋಲ್‌ನ ಸೊಗಸಾಯಿತು. ಯಕ್ಷಗಾನಕ್ಕೆ ಬೇಕಾದದ್ದು ಇದಕ್ಕೆ ತೀರ ವಿರುದ್ಧ. ಇಲ್ಲಿ ಸ್ವರ ಒಡೆದರೆ ಸಾಹಿತ್ಯ ಕೆಡುತ್ತದೆ, ಅರ್ಥ ಹೋಗುತ್ತದೆ. ಹಾಗಾಗಿ ಕಹಳೆಯಾಕಾರದ ಹಾರ್ನು ಇಲ್ಲಿ ಬಹುಕಾಲ ಉಳಿಯಿತು. ಅದಕ್ಕೆ ಮದ್ದಳೆಯ ತಗ್ಗು ನಾದ ಸಿಗುವುದಿಲ್ಲ, ಚಕ್ರತಾಳದ ಇಂಪೂ ಪೂರ್ತಿ ಸಿಗುವುದಿಲ್ಲ. ಮನುಷ್ಯರ ಮಾತಿನ ವ್ಯಂಜನಗಳನ್ನು ಮಾತ್ರ ಅದು ಸ್ಪಷ್ಟವಾಗಿ ದೂರಕ್ಕೆ ಒಯ್ಯುತ್ತದೆ.

ಈ ಸೀಮೆಯ ನೆಲ ಮೈಕಿನವರಿಗೆ ಸುಲಭದ್ದಲ್ಲ. ಗುಡ್ಡ, ತೋಟ, ತೋಡು, ಅಲ್ಲೊಂದು ಇಲ್ಲೊಂದು ಮನೆ. ಹರಕೆಯ ಆಟ ಗದ್ದೆಯಲ್ಲೋ ಮನೆಯ ಮುಂದಣ ಬಾಕಿಮಾರಿನಲ್ಲೋ ನಡೆಯುತ್ತದೆ. ಹಾರ್ನುಗಳನ್ನು ಅಡಿಕೆ ಮರಕ್ಕೋ ಬಿದಿರಿಗೋ ಕಟ್ಟಿ, ತಂತಿಯನ್ನು ತೋಟದ ನಡುವೆ ಎಳೆಯಬೇಕು. ಇಷ್ಟುದ್ದದ ತಂತಿಯಲ್ಲಿ ಶಕ್ತಿ ಸೋರಿಹೋಗದಂತೆ ಆಂಪ್ಲಿಫೈಯರಿನ ಹೊರಹರಿವನ್ನು 100 ವೋಲ್ಟಿಗೆ ಏರಿಸಿ, ಪ್ರತಿ ಹಾರ್ನಿನ ಬಳಿ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಮತ್ತೆ ಇಳಿಸುವ ಕ್ರಮವುಂಟು. ಕರೆಂಟಿಲ್ಲದಲ್ಲಿ ಜನರೇಟರು ಅಥವಾ ಬ್ಯಾಟರಿ. ವಾಲ್ವಿನ ಸೆಟ್ಟು ಬಿಸಿಯಾಗುವವರೆಗೆ ಕಾಯಬೇಕು. ಮಣ್ಣು ರಸ್ತೆಯ ಕುಲುಕಾಟಕ್ಕೆ ಗಾಜಿನ ವಾಲ್ವು ಬೇಗ ಹಾಳಾಗುತ್ತದೆ. ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ತೇವದಿಂದ ಇವನ್ನು ಕಾಪಾಡುವುದು ಇನ್ನೊಂದು ಕೆಲಸ. ಸೂಡಿಗಳ ಬೆಳಕಿನಲ್ಲಿ ನಡೆದು ಬರುವ ಜನರಿಗೆ ಆಟದ ಸ್ವರ ಕೇಳಿಸಲೆಂದು ನಿದ್ದೆಗೆಟ್ಟು ದುಡಿದ ಮೈಕಿನವರನ್ನು ಕಲಾವಿದರ ಜೊತೆಗೇ ನೆನೆಯಬೇಕು.

ಮೈಕಿನ ಪರಿಣಾಮ ಹೆಚ್ಚು ಕಾಣುವುದು ಹಿಮ್ಮೇಳದಲ್ಲಿ, ಅಂದರೆ ಹಾಡು ವಾದ್ಯಗಳಲ್ಲಿ. ಭಾಗವತರ ಮುಂದೆ ಮೈಕ್ ನಿಂತದ್ದೇ ಶ್ರುತಿಯ ಒತ್ತಡ ಸಡಿಲಾಯಿತು. ಮಂದ್ರದಲ್ಲಿ ನಿಂತು ರಾಗವನ್ನು ಬೆಳೆಸುವುದು, ಕರುಣ ರಸದ ಪದ್ಯವನ್ನು ಮೆಲುದನಿಯಲ್ಲಿ ಹಾಡುವುದು ಸಾಧ್ಯವಾಯಿತು. ಕರ್ನಾಟಕ ಸಂಗೀತದ ರಾಗಗಳೂ ಸಂಗತಿಗಳೂ ಯಕ್ಷಗಾನದೊಳಗೆ ನುಗ್ಗಿದ್ದಕ್ಕೆ ಸಿನಿಮಾ, ರೇಡಿಯೊಗಳಷ್ಟೇ ಮೈಕೂ ಕಾರಣವೆನ್ನಬೇಕು. ಸುರತ್ಕಲ್ ಮೇಳದ ಡೇರೆ ಆಟಗಳಲ್ಲಿ ಭಾಗವತ ಪದ್ಯಾಣ ಗಣಪತಿ ಭಟ್ಟರ ಹಾಡಿಗೆ ಜನ ಮುಗಿಬಿದ್ದ ಕಾಲ ಇದೇ. ವೃತ್ತಿಮೇಳದ ಮೊದಲ ಮಹಿಳಾ ಭಾಗವತರೆನಿಸಿದ ಲೀಲಾವತಿ ಬೈಪಾಡಿತ್ತಾಯರು (1947–2024) ಹಾಡತೊಡಗಿದ್ದೂ ಈ ಯುಗದಲ್ಲಿಯೇ. ಅವರ ಸಾಧನೆ ಕಂಠದ್ದು, ಲಯಜ್ಞಾನದ್ದು. ಆದರೂ ಯಾವ ಬಗೆಯ ಸ್ವರ ಆಟಕ್ಕೆ ಸಲ್ಲುತ್ತದೆ ಎಂಬ ಹಳೆಯ ಕಟ್ಟುಪಾಡನ್ನು ಮೈಕ್ ಅಷ್ಟರಲ್ಲೇ ಸಡಿಲಿಸಿತ್ತು. ಕಳೆದುಕೊಂಡದ್ದೂ ಇದೆ. ಯಂತ್ರದ ಆಸರೆ ಸಿಕ್ಕಮೇಲೆ ಕಂಠವನ್ನು ಬಯಲಿಗೆಂದು ಪಳಗಿಸುವ ಕಠಿಣ ಅಭ್ಯಾಸ ಕಡಿಮೆಯಾಯಿತು. ಚೆಂಡೆಗೂ ಮೈಕ್ ಇಡುವ ರೂಢಿ ಬಂದಲ್ಲಿ ಹಿಮ್ಮೇಳದ ತೂಕ ತಪ್ಪುತ್ತದೆ. ಚೆಂಡೆಗೆ ಮೈಕ್ ಅನಗತ್ಯ.

ಮುಮ್ಮೇಳದ, ಅಂದರೆ ವೇಷಧಾರಿಗಳ, ಮೇಲಾದ ಪರಿಣಾಮ ಮಿಶ್ರವಾದದ್ದು. ರಂಗಸ್ಥಳದ ಮೇಲಿಂದ ಇಳಿಬಿಟ್ಟ ಮೈಕಿನ ಅಡಿಗೆ ಬಂದು ನಿಂತು ಅರ್ಥ ಹೇಳುವ ಅಭ್ಯಾಸ ಬೆಳೆದದ್ದರಿಂದ ವೇಷಗಳ ಚಲನೆ ನಡುಮಧ್ಯಕ್ಕೆ ಕುಗ್ಗಿತು. ಬಣ್ಣದ ವೇಷದ ಆರ್ಭಟೆಗೆ ಮೈಕ್ ಬೇಕಿಲ್ಲ, ಅದು ಮೈಕಿನ ಸ್ವರವನ್ನೇ ಒಡೆಯುತ್ತದೆ. ನಿಜವಾಗಿ ಗೆದ್ದದ್ದು ವೇಷ, ಕುಣಿತಗಳಿಲ್ಲದೆ ಮಾತೇ ಪ್ರಧಾನವಾದ ತಾಳಮದ್ದಳೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ತರ್ಕದ ಎಳೆಗಳು, ವ್ಯಂಗ್ಯದ ತಿರುವುಗಳು ಸಭೆಯ ಕೊನೆಯ ಸಾಲಿಗೆ ಮುಟ್ಟಿದ್ದು, ಮುಂದೆ ಕ್ಯಾಸೆಟ್ಟುಗಳಲ್ಲಿ ಮನೆಮನೆಗೆ ಹೋದದ್ದು ಈ ಯಂತ್ರಗಳ ಉಪಕಾರದಿಂದ.

ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದು ವಾಲ್ವಿನವು ಮೂಲೆ ಸೇರಿದವು. 12 ವೋಲ್ಟಿನ ವಾಹನದ ಬ್ಯಾಟರಿಯಲ್ಲಿ ನಡೆಯುವ ಹಗುರ ಆಂಪ್ಲಿಫೈಯರನ್ನು ಜೀಪಿಗೇರಿಸಿ, ಹಗಲಿಡೀ ಪ್ರಸಂಗದ ಹೆಸರು ಸಾರುತ್ತ ತಿರುಗುವುದು ಸುಲಭವಾಯಿತು. ಕೇಳಿಯ ಅರ್ಧ ಕೆಲಸವನ್ನು ಇದೇ ವಹಿಸಿಕೊಂಡಿತು. ಜಾತ್ರೆಗಳ ರಸಮಂಜರಿಯಿಂದ ದೊಡ್ಡ ಪೆಟ್ಟಿಗೆ ಸ್ಪೀಕರುಗಳು, ಮಿಕ್ಸರುಗಳು ಆಟದ ಕಣಕ್ಕೂ ಬಂದವು.

ಧ್ವನಿಯ ಪ್ರಮಾಣ ಹೆಚ್ಚಿದಂತೆ ಕಾನೂನೂ ಬಂತು. ಶಬ್ದ ಮಾಲಿನ್ಯ ನಿಯಮಗಳು (2000) ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿದವು. ಸುಪ್ರೀಂ ಕೋರ್ಟಿನ 2005ರ ತೀರ್ಪು ಇದನ್ನು ಬಲಪಡಿಸಿತು. ಇಡೀ ರಾತ್ರಿಯ ಕಲೆಗೆ ಇದು ದೊಡ್ಡ ಪೆಟ್ಟು. ಕಟೀಲು ಮೇಳಗಳು 2022ರ ಕೊನೆಯಲ್ಲಿ ಕಾಲಮಿತಿಯ ಆಟಕ್ಕೆ ಹೊರಳಿದಾಗ ಭಕ್ತರಲ್ಲಿ ಬಹಳ ಚರ್ಚೆಯಾಯಿತು. ನೆರೆಮನೆಯ ರೋಗಿಯ, ಪರೀಕ್ಷೆಗೆ ಓದುವ ಮಕ್ಕಳ ನೆಮ್ಮದಿ ಸಣ್ಣ ವಿಷಯವಲ್ಲ. ಆದರೆ ಬೆಳಗಿನವರೆಗೆ ಆಡುವ ಆಟವೂ ಬೇಕಾದದ್ದೇ. ದೂರದೂರಕ್ಕೆ ಹಾರ್ನು ಕಟ್ಟದೆ, ಸಭೆಯ ಕಡೆಗೆ ಮಾತ್ರ ತಿರುಗಿಸಿದ ಸಣ್ಣ ಸ್ಪೀಕರುಗಳಲ್ಲಿ, ಚೆಂಡೆಯ ಮೈಕನ್ನು ತೆಗೆದು ಆಡಿದರೆ ಸ್ವರ ಬಹುಮಟ್ಟಿಗೆ ಆಟದ ಕಣದೊಳಗೇ ಉಳಿಯುತ್ತದೆ.