ಎಗರಿದ ಕೈ

ಕೆಲವು ವರ್ಷಗಳ ಹಿಂದಿನ ಮಾತು. ಮೊದಲ ಪಿ.ಯು.ಸಿ. ತರಗತಿಯಲ್ಲಿ ವಿಭಕ್ತಿ ಪ್ರತ್ಯಯಗಳ ಪಾಠ ನಡೆದಿತ್ತು. ಜಗಳೂರಿನ ಕಡೆಯಿಂದ ಬಂದು ಚನ್ನಗಿರಿಯಲ್ಲಿ ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಹುಡುಗಿಯೊಬ್ಬಳ ಕೈ ಇದ್ದಕ್ಕಿದ್ದಂತೆ ಎಗರಿ, ಹಿಡಿದಿದ್ದ ಪೆನ್ನು ನನ್ನ ಮೇಜಿನ ಬಳಿ ಬಂದು ಬಿತ್ತು. ತರಗತಿ ನಕ್ಕಿತು; ನಾನು ಗದರಿದೆ. ಮರುವಾರವೂ ಹಾಗೆಯೇ ಆಯಿತು, ಆಗಲೂ ಗದರಿದೆ. ಮನೆಯಲ್ಲಿ ಅವಳ ಕೈಯಿಂದ ಕಾಫಿಯ ಲೋಟ ಹಾರುತ್ತದೆ, ಗೋಡೆಯ ಮೇಲೆ ಇಲ್ಲದ ಬಣ್ಣಗಳು ಕಾಣುತ್ತವೆ, ಗಾಳಿ ಸೋಕಿರಬೇಕೆಂದು ತಾಯತ ಕಟ್ಟಿಸಿದ್ದಾರೆ ಎಂಬುದು ನನಗೆ ತಿಳಿದದ್ದು ಅವಳು ಕಾಲೇಜು ಬಿಟ್ಟ ಮೇಲೆ. ಕೊನೆಗೆ ಬೆಂಗಳೂರಿನಲ್ಲಿ ಕಂಕುಳಿನ ಚರ್ಮದ ಚೂರೊಂದನ್ನು ತೆಗೆದು ಪರೀಕ್ಷಿಸಿ ವೈದ್ಯರು ರೋಗದ ಹೆಸರು ಹೇಳಿದರು. ಅದು ಲಫೋರಾ ರೋಗ.

ಗದರಿದವನಿಗೆ ಆ ಹೆಸರಿನ ಹಿಂದೆ ಹೋಗಬೇಕೆನಿಸಿದ್ದು ಸಹಜವಷ್ಟೆ. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಓದುತ್ತ ಹೋದಂತೆ ಈ ರೋಗದ ಚರಿತ್ರೆ ನಮ್ಮ ಮನೆಯಂಗಳಕ್ಕೇ ಬಂದು ನಿಂತಿತು.

ಗೊನ್ಸಾಲೊ ರೊಡ್ರಿಗೆಸ್ ಲಫೋರಾ ಸ್ಪೇನ್ ದೇಶದ ವೈದ್ಯ; ನರಕೋಶಗಳ ಚಿತ್ರಕಾರನೆಂದು ಹೆಸರಾದ ಕಹಾಲ್‌ನ ಶಿಷ್ಯ. ವಾಷಿಂಗ್ಟನ್ನಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದಾಗ, ಮೂರ್ಛೆಯಿಂದಲೂ ಮೈ ಬೆಚ್ಚಿಬೀಳುವ ಬಾಧೆಯಿಂದಲೂ ತೀರಿಹೋದ ತರುಣನೊಬ್ಬನ ಮಿದುಳನ್ನು ಅವನು ಸೂಕ್ಷ್ಮದರ್ಶಕದಲ್ಲಿ ನೋಡಿದ. ನರಕೋಶಗಳ ಒಳಗೆ ದುಂಡನೆಯ ಕಾಳುಗಳಿದ್ದುವು. 1911ರಲ್ಲಿ ಅವನ್ನು ವರ್ಣಿಸಿ ‘ಅಮಿಲಾಯ್ಡ್’ ಎಂದು ಕರೆದ. ಆ ಪದದ ಮೂಲಾರ್ಥ ‘ಪಿಷ್ಟದಂಥದು’ ಎಂದು. ಆ ಕಾಳುಗಳು ಪಿಷ್ಟದಂತೆ ಗಡುಸಾಗಿ, ನೀರಿನಲ್ಲಿ ಕರಗದೆ ಉಳಿದ ಗ್ಲೈಕೋಜನ್ನೇ ಎಂದು ಬಹಳ ಕಾಲದ ಮೇಲೆ ಗೊತ್ತಾಯಿತು. ಭಾಷೆಯ ಮೇಷ್ಟರಿಗೆ ಇಂಥ ಕಡೆ ಕೊಂಚ ಹಿಗ್ಗಾಗುತ್ತದೆ: ಪದಕ್ಕೆ ತಿಳಿದಿತ್ತು, ಇಟ್ಟವನಿಗೆ ತಿಳಿದಿರಲಿಲ್ಲ. ಇವೇ ಕಾಳುಗಳು ಬೆವರಿನ ನಾಳದ ಕೋಶಗಳಲ್ಲಿಯೂ ಇರುತ್ತವೆಂದು 1981ರಲ್ಲಿ ಕಂಡುಬಂದಿತು. ಮಿದುಳಿನ ರೋಗಕ್ಕೆ ಕಂಕುಳಿನ ಚರ್ಮ ಸಾಕ್ಷಿ ಹೇಳುವುದು ಹೀಗೆ.

ಕಾಳು ಏಕೆ ಕಟ್ಟುತ್ತದೆ? ಉತ್ತರ ಬಂದದ್ದು ಇನ್ನೊಂದು ಚರಿತ್ರೆಯ ದಾರಿಯಿಂದ. ನಮ್ಮ ಜೀವಕೋಶಗಳು ಪ್ರೋಟೀನುಗಳನ್ನು ಕಟ್ಟುತ್ತಲೂ ಕೆಡವುತ್ತಲೂ ಇರುತ್ತವೆ. ಕಟ್ಟುವುದಕ್ಕೆ ಶಕ್ತಿ ಬೇಕು, ಸರಿಯೆ. ಕೆಡವುವುದಕ್ಕೂ ಶಕ್ತಿ ಖರ್ಚಾಗುತ್ತದೆಂದು 1953ರಲ್ಲಿ ತಿಳಿದಾಗ ವಿದ್ವಾಂಸರಿಗೆ ಅಚ್ಚರಿಯಾಯಿತು. ಹಳೆಯ ಮಣ್ಣಿನ ಗೋಡೆ ಮಳೆಗೆ ತಾನೇ ಕುಸಿಯುವುದಿಲ್ಲವೆ? ಇಸ್ರೇಲಿನ ಹೈಫಾದ ಅವ್ರಾಂ ಹರ್ಷ್‌ಕೊ, ಆರನ್ ಚಿಖನೋವರ್, ಅಮೆರಿಕದ ಅರ್ವಿನ್ ರೋಸ್ ಈ ಒಗಟನ್ನು ಹಿಡಿದು ಕುಳಿತರು. ಮೊಲದ ಎಳೆಯ ರಕ್ತಕಣಗಳ ರಸವನ್ನು ಸೋಸಿ ಸೋಸಿ ನೋಡಿದಾಗ, ಕೆಡವಬೇಕಾದ ಪ್ರೋಟೀನಿಗೆ ಪುಟ್ಟ ಪ್ರೋಟೀನೊಂದು ಹತ್ತಿಕೊಳ್ಳುವುದು 1980ರ ಹೊತ್ತಿಗೆ ಸ್ಪಷ್ಟವಾಯಿತು. ಅದು 1975ರಲ್ಲಿಯೇ ಬೇರೊಬ್ಬರು ಬೇರ್ಪಡಿಸಿ, ಎಲ್ಲೆಲ್ಲೂ ಇರುವುದೆಂಬ ಅರ್ಥದಲ್ಲಿ ಯುಬಿಕ್ವಿಟಿನ್ ಎಂದು ಹೆಸರಿಟ್ಟಿದ್ದ ವಸ್ತು. 76 ಅಮೈನೊ ಆಮ್ಲಗಳ ಕಿರಿಯ ಸರ. ಖರ್ಚಾಗುವ ಶಕ್ತಿ ಆರಿಸುವುದಕ್ಕೆ: ಯಾವುದು ಹೋಗಬೇಕು, ಯಾವುದು ಇರಬೇಕು ಎಂಬ ತೀರ್ಮಾನಕ್ಕೆ. ಈ ಮೂವರಿಗೂ 2004ರ ನೊಬೆಲ್ ಬಹುಮಾನ ಬಂದಿತು.

ನನಗೆ ಇದು ಅರ್ಥವಾದದ್ದು ಅಂದಿನ ಆ ಪಾಠದಿಂದಲೇ. ‘ಮನೆ’ಗೆ ‘ಗೆ’ ಹತ್ತಿದರೆ ಹೋಗುವ ದಾರಿ, ‘ಇಂದ’ ಹತ್ತಿದರೆ ಬರುವ ದಾರಿ. ಪ್ರಕೃತಿ ಅದೇ, ಕೆಲಸ ಬೇರೆ. ಯುಬಿಕ್ವಿಟಿನ್ ಕೋಶದ ಪ್ರತ್ಯಯ. ಅದು ಒಂದರ ಮೇಲೊಂದು ಹತ್ತಿ ಸರಪಳಿಯಾಗುತ್ತದೆ. 48ನೆಯ ಸ್ಥಾನದಲ್ಲಿ ಕೊಂಡಿ ಕೂಡಿದ ಸರಪಳಿಯನ್ನು ಹೊತ್ತ ಪ್ರೋಟೀನು ಪ್ರೋಟಿಯಸೋಮ್ ಎಂಬ ಕೊಳವೆಗೆ ಸೇರಿ ಚೂರಾಗುತ್ತದೆ. 63ನೆಯ ಸ್ಥಾನದಲ್ಲಿ ಕೂಡಿದ್ದು ಸಾಮಾನ್ಯವಾಗಿ ನಾಶದ ಗುರುತಲ್ಲ, ಸುದ್ದಿ ಸಾಗಿಸುವ ಗುರುತು. ಹಚ್ಚುವ ಕಿಣ್ವಗಳು ಮೂರು ಬಗೆ; ಒಂದರ ಕೈಯಿಂದ ಇನ್ನೊಂದರ ಕೈಗೆ ಯುಬಿಕ್ವಿಟಿನ್ ದಾಟುತ್ತದೆ. ಯಾವ ಪ್ರೋಟೀನಿಗೆ ಹಚ್ಚಬೇಕೆಂದು ಆರಿಸುವುದು ಮೂರನೆಯ ಬಗೆಯ ಕಿಣ್ವ. ಮನುಷ್ಯನಲ್ಲಿ ಇಂಥವು ಆರುನೂರಕ್ಕೂ ಮಿಕ್ಕಿ ಇವೆ.

ಉರಿಯೂತವೂ ಈ ವ್ಯಾಕರಣಕ್ಕೆ ಒಳಪಟ್ಟದ್ದೇ. ಗಾಯವಾದಾಗ, ಸೋಂಕು ತಗುಲಿದಾಗ ಊತವೆಬ್ಬಿಸುವ ಜೀನುಗಳಿಗೆ ಆಜ್ಞೆ ಕೊಡುವ ಪ್ರೋಟೀನೊಂದನ್ನು 1986ರಲ್ಲಿ ರಂಜನ್ ಸೆನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದರು. ಎನ್‌ಎಫ್-ಕಪ್ಪಾ-ಬಿ ಎಂಬ ಒರಟು ಹೆಸರು ಅದಕ್ಕೆ. ಸಾಧಾರಣ ಕಾಲದಲ್ಲಿ ಇನ್ನೊಂದು ಪ್ರೋಟೀನು ಅದನ್ನು ಕಟ್ಟಿಹಾಕಿರುತ್ತದೆ. ಅಪಾಯದ ಸುದ್ದಿ ಬಂದಾಗ ಆ ಕಟ್ಟಿಗೆ ಯುಬಿಕ್ವಿಟಿನ್ ಹತ್ತಿ ಅದು ನಾಶವಾಗುತ್ತದೆ. ಬಿಡುಗಡೆಯಾದದ್ದು ಕೋಶಕೇಂದ್ರಕ್ಕೆ ನಡೆಯುತ್ತದೆ.

ಈಗ ಲಫೋರಾನ ಕಾಳುಗಳಿಗೆ ಬರೋಣ. ರೋಗಕ್ಕೆ ಕಾರಣವಾದ ಮೊದಲ ಜೀನು 1998ರಲ್ಲಿ ಸಿಕ್ಕಿತು. ಅದರ ಪ್ರೋಟೀನು ಲಫೋರಿನ್. 2003ರಲ್ಲಿ ಸಿಕ್ಕ ಎರಡನೆಯದರ ಪ್ರೋಟೀನಿಗೆ, ಮೂರ್ಛೆಗೆ ಫ್ರೆಂಚರು ಬಳಸುವ ‘ಮಾಲ್’ ಎಂಬ ಮಾತಿನಿಂದ ಮಾಲಿನ್ ಎಂದು ಹೆಸರಾಯಿತು. ಮಾಲಿನ್ ಆ ಆರುನೂರು ಆರಿಸುವ ಕಿಣ್ವಗಳಲ್ಲಿ ಒಂದು ಎಂದು 2005ರಲ್ಲಿ ತೋರಿಸಿದರು. ಲಫೋರಿನ್ ಗ್ಲೈಕೋಜನ್ನನ್ನು ಹಿಡಿಯುತ್ತದೆ. ಮಾಲಿನ್ ಅದರೊಡನೆ ಸೇರಿ, ಗ್ಲೈಕೋಜನ್ ಕಟ್ಟಿಸುವ ಪ್ರೋಟೀನುಗಳಿಗೆ ಪ್ರತ್ಯಯ ಹಚ್ಚುತ್ತದೆ. ಎರಡರಲ್ಲಿ ಯಾವುದು ಕೆಟ್ಟರೂ ಕೊಂಬೆ ಕಡಮೆಯಾಗಿ ಎಳೆ ಉದ್ದವಾದ ಗ್ಲೈಕೋಜನ್ ಗಟ್ಟಿಯಾಗಿ ನರಕೋಶದಲ್ಲಿ ಕೂರುತ್ತದೆ.

ಕಾನ್ಪುರದ ಐ.ಐ.ಟಿ.ಯ ಸುಬ್ರಮಣ್ಯಂ ಗಣೇಶ್ ಮತ್ತು ಅವರ ಶಿಷ್ಯರು ಇಲ್ಲಿಂದ ಮುಂದಕ್ಕೆ ಹೋದರು. ಕಾವು ಏರಿದರೆ ಪ್ರೋಟೀನುಗಳ ಮಡಿಕೆ ಕೆಡುತ್ತದೆ, ಮೊಟ್ಟೆಯ ಲೋಳೆ ಬಿಸಿಗೆ ಗಟ್ಟಿಯಾದಂತೆ. ತಿದ್ದಬಹುದಾದವನ್ನು ತಿದ್ದಬೇಕು, ತಿದ್ದಲಾಗದವನ್ನು ಗುರುತು ಹಚ್ಚಿ ಕಳಿಸಬೇಕು. ಮಾಲಿನ್-ಲಫೋರಿನ್ ಜೋಡಿ ಮಡಿಕೆ ಕೆಟ್ಟ ಪ್ರೋಟೀನುಗಳನ್ನು ತೊಲಗಿಸಲು ನೆರವಾಗುತ್ತದೆಂದು 2009ರಲ್ಲಿಯೂ, ಕೋಶವನ್ನು ಕಾವಿನ ಹೊಡೆತದಿಂದ ಕಾಯುತ್ತದೆಂದು 2011ರಲ್ಲಿಯೂ ಅವರು ಪ್ರಕಟಿಸಿದರು. ಈ ಜೀನುಗಳನ್ನು ತೆಗೆದುಹಾಕಿದ ಇಲಿಗಳ ಮಿದುಳಿನಲ್ಲಿ ಉರಿಯೂತದ ಕುರುಹುಗಳೂ ಕಂಡಿವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪಿ. ಸತೀಶ್ಚಂದ್ರ, ಎಸ್.ಕೆ. ಶಂಕರ್ ಮೊದಲಾದ ವೈದ್ಯರು ದಕ್ಷಿಣ ಭಾರತದ ಲಫೋರಾ ರೋಗಿಗಳನ್ನು ಕುರಿತು 1993ರಲ್ಲಿಯೇ ಬರೆದಿದ್ದರು. ಜಗತ್ತಿನಲ್ಲಿ ವಿರಳವಾದದ್ದು ನಮ್ಮ ಕಡೆ ಕಾಣುವುದೇಕೆ? ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಈ ರೋಗ. ಒಂದೇ ಪ್ರತಿ ಕೆಟ್ಟವರು ಆರೋಗ್ಯವಾಗಿಯೇ ಬಾಳುತ್ತಾರೆ. ಅಂಥ ಇಬ್ಬರು ಕೂಡಿದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಭಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಯೇ ಆಗಲಿ, ಹೆಣ್ಣಿನ ಮದುವೆಯ ಮಾತೆತ್ತಿದರೆ ಎಷ್ಟೋ ಮನೆಗಳಲ್ಲಿ ಮೊದಲು ನೆನಪಾಗುವವನು ಸೋದರಮಾವ. ಹೊಲ ಒಡೆಯುವುದಿಲ್ಲ, ಮಗಳು ದೂರ ಹೋಗುವುದಿಲ್ಲ. ಈ ಪದ್ಧತಿಯನ್ನು ಹಳಿಯಲು ನನಗೆ ಬಾಯಿಲ್ಲ. ನನ್ನ ತಾಯಿಯನ್ನೂ ಹಾಗೆಯೇ ತಂದದ್ದು. ಆದರೆ ಒಂದೇ ಅಜ್ಜಿಯ ಕೆಟ್ಟ ಪ್ರತಿ ಎರಡು ದಾರಿಯಿಂದ ಒಂದೇ ತೊಟ್ಟಿಲಿಗೆ ಬರಲು ಇದಕ್ಕಿಂತ ಹತ್ತಿರದ ದಾರಿ ಮತ್ತೊಂದಿಲ್ಲ.

ಆ ಹುಡುಗಿಯ ತಂದೆಯೂ ಅಕ್ಕನ ಮಗಳನ್ನು ತಂದವರೇ. ಹದಿಹರೆಯದಲ್ಲಿ ತೊಡಗಿ ಹತ್ತು ವರ್ಷಗಳ ಸುಮಾರಿಗೆ ಮುಗಿಸಿಬಿಡುವ ಈ ರೋಗಕ್ಕೆ, ಮೂರ್ಛೆಯನ್ನು ಅಷ್ಟಿಷ್ಟು ತಡೆಯುವ ಔಷಧವುಂಟೇ ಹೊರತು ಗುಣಪಡಿಸುವುದು ಇನ್ನೂ ಇಲ್ಲ. ಅವಳೀಗ ಹಾಸಿಗೆ ಹಿಡಿದಿದ್ದಾಳೆ. ಈಚೆಗೆ ಅವರು ಮನೆಗೆ ಬಂದಿದ್ದರು. “ದೊಡ್ಡಾಕಿನ ನಮ್ಮಾಕಿ ತಮ್ಮಗೇ ಕೊಡಾದು ಅಂತ ಮಾತಾಗಿತ್ರಿ ಮೇಷ್ಟ್ರೆ. ಈಗ ಏನ್ ಮಾಡಾದು?” ಎಂದರು. ದೊಡ್ಡವಳಿಗೆ ಇಪ್ಪತ್ತಮೂರು, ಆರೋಗ್ಯವಾಗಿದ್ದಾಳೆ. ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಅವಳು ಕೆಟ್ಟ ಪ್ರತಿಯೊಂದನ್ನು ಹೊತ್ತಿರುವ ಸಂಭವ ಮೂರರಲ್ಲಿ ಎರಡು. ಮಾವನಿಗೆ ಎರಡರಲ್ಲಿ ಒಂದು. ಹುಟ್ಟುವ ಪ್ರತಿ ಮಗುವಿಗೆ ರೋಗದ ಸಂಭವ ಹನ್ನೆರಡರಲ್ಲಿ ಒಂದು. ಹೊರಗಿನ ಸಂಬಂಧವಾದರೆ ಇಲ್ಲವೆನ್ನುವಷ್ಟು ಕಡಮೆ. ರಕ್ತದಿಂದ ಜೀನು ಪರೀಕ್ಷೆ ಮಾಡಿಸಿದರೆ ಊಹೆಗೆ ಎಡೆಯಿಲ್ಲ, ಆದರೆ ಮಾವನೂ ರಕ್ತ ಕೊಡಬೇಕಾಗುತ್ತದೆ ಎಂದೆ. ಬಹಳ ಹೊತ್ತು ಕಾಗದವನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ, “ಅವನ್ನ ನಾನು ಒಪ್ಪಿಸ್ತೀನ್ರಿ” ಎಂದು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಸ್ಸಿಗೆ ಹೊರಟರು.