ರಕ್ತನಾಳ ಬಿಗಿಯುವ ಪೆಪ್ಟೈಡು, ಕೆರಳಿದ ಬಿಳಿಕಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕಿಡ್ನಿ ರೋಗಿಗಳಿಗೆ ಡಯಾಲಿಸಿಸ್ ಎಂದರೆ ಬಹುಕಾಲ ಬೆಳಗಾವಿಗೋ ಧಾರವಾಡ-ಹುಬ್ಬಳ್ಳಿಗೋ ಬಸ್ಸು ಹಿಡಿಯುವುದೇ ಆಗಿತ್ತು. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಕರ್ನಾಟಕದಲ್ಲಿ ಯಂತ್ರಗಳು ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದವು. ಆದರೆ ವಾರಕ್ಕೆ ಎರಡು ಮೂರು ಸಲ, ನಾಲ್ಕು ನಾಲ್ಕು ತಾಸು ರಕ್ತ ಶುದ್ಧಿಯಾದರೂ ಬಿಪಿ ಏಕೆ ಹತೋಟಿಗೆ ಬಾರದು? ಸೋಂಕು ಏಕೆ ಬೇಗ ತಗಲುತ್ತದೆ? ಹೃದಯ ಏಕೆ ಸೋಲುತ್ತದೆ? ಇದನ್ನು ಹುಡುಕಿದ ಸಂಶೋಧನೆ ಎರಡು ಕವಲಾಗಿ ನಡೆದು, ತಡವಾಗಿ ಕೂಡಿಕೊಂಡಿತು.

ಮೊದಲ ಕವಲು ಹಳೆಯದು. 1898ರಲ್ಲಿ ಸ್ಟಾಕ್‌ಹೋಮಿನ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ರಸ ರಕ್ತದೊತ್ತಡ ಏರಿಸುವುದನ್ನು ಕಂಡು, ಅದರಲ್ಲಿನ ವಸ್ತುವನ್ನು ರೆನಿನ್ ಎಂದರು. ರೆನಿನ್‌ನಿಂದ ಹುಟ್ಟುವ, ರಕ್ತನಾಳ ಬಿಗಿಯುವ ಆಂಜಿಯೊಟೆನ್ಸಿನ್ ಗೊತ್ತಾಗಲು ನಾಲ್ಕು ದಶಕ ಬೇಕಾಯಿತು. 1988ರಲ್ಲಿ ಜಪಾನಿನ ತ್ಸುಕುಬಾದಲ್ಲಿ ಯಾನಗಿಸಾವಾ, ಮಸಾಕಿ ಮತ್ತು ಸಂಗಡಿಗರು ಹಂದಿಯ ಮಹಾಪಧಮನಿಯ ಒಳಪದರದ ಕೋಶಗಳಿಂದ 21 ಅಮೈನೊ ಆಮ್ಲಗಳ, ರಕ್ತನಾಳ ಬಿಗಿಯುವ ಎಂಡೋಥೆಲಿನ್ ಎಂಬ ಪೆಪ್ಟೈಡನ್ನು ಬೇರ್ಪಡಿಸಿದರು. ನೆಲದೊಳಗೆ ಬದುಕುವ ಒಂದು ಜಾತಿಯ ಹಾವಿನ ವಿಷದಲ್ಲಿ ಇದರ ರಚನೆಯನ್ನೇ ಹೋಲುವ ಪೆಪ್ಟೈಡ್ ಇದೆ. ನಾಳವನ್ನು ಬಿಗಿಯುವ ಎಂಡೋಥೆಲಿನ್‌ನ ಬಲ ಅಂಥದ್ದು. ಡಯಾಲಿಸಿಸ್ ರೋಗಿಗಳ ರಕ್ತದಲ್ಲಿ ಎಂಡೋಥೆಲಿನ್ ಹೆಚ್ಚಿರುವ ವರದಿಗಳು ಬೇಗನೆ ಬಂದವು. ಹಾಗಾದರೆ ಯಂತ್ರದಿಂದ ತೊಳೆದು ತೆಗೆದರಾಗದೆ? ಆಗದು. ಒಳಪದರದ ಕೋಶಗಳು ಅದರ ಹೆಚ್ಚು ಪಾಲನ್ನು ರಕ್ತಕ್ಕಲ್ಲ, ನಾಳದ ಸ್ನಾಯುವಿನ ಕಡೆಗೆ ಸುರಿಯುತ್ತವೆ. ರಕ್ತಪರೀಕ್ಷೆಗೆ ಸಿಗುವುದು ಅದರ ಸೋರಿಕೆ ಮಾತ್ರ.

ಇನ್ನೊಂದು ಕವಲು ಯಂತ್ರದ ಬದಿಯಲ್ಲೇ ಹುಟ್ಟಿತು. ಯಂತ್ರದಲ್ಲಿ ರಕ್ತ ಸೋಸುವ ಹಳೆಯ ಸೆಲ್ಯುಲೋಸ್ ಪೊರೆಗೆ ರಕ್ತ ತಾಗಿದ ಕೆಲವೇ ನಿಮಿಷಗಳಲ್ಲಿ ಬಿಳಿಕಣಗಳ ಎಣಿಕೆ ಧಡಕ್ಕನೆ ಕುಸಿಯುತ್ತಿತ್ತು. ಪೊರೆಯು ರಕ್ತದ ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನುಗಳನ್ನು ಕೆರಳಿಸುವುದರಿಂದ ಬಿಳಿಕಣಗಳು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಬೀಳುತ್ತವೆ ಎಂದು 1977ರಲ್ಲಿ ಅಮೆರಿಕದ ಕ್ರ್ಯಾಡಕ್ ತಂಡ ತೋರಿಸಿತು. ಸಂಶ್ಲೇಷಿತ ಪೊರೆಗಳು ಬಂದಮೇಲೆ ಈ ಕೆರಳಿಕೆ ತಗ್ಗಿತು, ತಪ್ಪಲಿಲ್ಲ. ಡಯಾಲಿಸಿಸ್ ರೋಗಿಗಳಲ್ಲಿ ಮಾನೊಸೈಟು ಎಂಬ ಬಿಳಿಕಣಗಳಲ್ಲಿ ಉರಿಯೂತ ಹೆಚ್ಚಿಸುವ ಬಗೆಯವುಗಳ ಪಾಲು ಜಾಸ್ತಿ ಎಂಬುದು 1990ರ ದಶಕದ ತಿಳಿವು.

ಕವಲುಗಳು ಕೂಡಿದ್ದು ಎಲ್ಲಿ? 1990ರಲ್ಲಿ ಮಾನೊಸೈಟುಗಳಿಂದ ಬೆಳೆಯುವ, ಮನುಷ್ಯನ ಮ್ಯಾಕ್ರೊಫೇಜ್ ಎಂಬ ಕಾವಲು ಕಣಗಳೇ ಎಂಡೋಥೆಲಿನ್ ತಯಾರಿಸುತ್ತವೆ ಎಂದು ಗೊತ್ತಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಇದೇ: ಕಾವಲಿಗೆ ನಿಂತ ಕಣವೇ ನಾಳ ಬಿಗಿಯಬಲ್ಲದು. 2007ರ ಇಲಿ ಪ್ರಯೋಗ ಮರುದಿಕ್ಕಿನ ನಂಟನ್ನೂ ತೋರಿಸಿತು. ಲಿಂಫೊಸೈಟು ಎಂಬ ಬಿಳಿಕಣಗಳಿಲ್ಲದ ಇಲಿಗೆ ಆಂಜಿಯೊಟೆನ್ಸಿನ್ ಕೊಟ್ಟರೆ ಬಿಪಿ ಎಂದಿನಷ್ಟು ಏರಲಿಲ್ಲ. ಲಿಂಫೊಸೈಟುಗಳ ಒಂದು ಬಗೆಯಾದ ಟಿ-ಕಣ ಮರಳಿಸಿದಾಗ ಏರಿತು.

ಚಿಕಿತ್ಸೆಯ ಕಥೆ ಅಷ್ಟು ಸಮಾಧಾನದ್ದಲ್ಲ. ಎಂಡೋಥೆಲಿನ್ ತಡೆಯುವ ಬೊಸೆಂಟನ್ 2001ರಲ್ಲಿ ಶ್ವಾಸಕೋಶದ ಅಧಿಕ ರಕ್ತದೊತ್ತಡಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. 2023ರಲ್ಲಿ ಐಜಿಎ ಮೂತ್ರಪಿಂಡ ರೋಗಕ್ಕೆ ಸ್ಪಾರ್ಸೆಂಟನ್, 2024ರಲ್ಲಿ ಹಟಮಾರಿ ಬಿಪಿಗೆ ಅಪ್ರೊಸಿಟೆಂಟನ್ ಬಂದವು. ಆದರೆ ಇವುಗಳ ದೊಡ್ಡ ಪ್ರಯೋಗಗಳು ನಡೆದದ್ದು ಕಿಡ್ನಿ ಇನ್ನೂ ಸ್ವಲ್ಪವಾದರೂ ಕೆಲಸ ಮಾಡುತ್ತಿದ್ದವರ ಮೇಲೆ. ಎಂಡೋಥೆಲಿನ್ ಏರಿದ, ಬಿಳಿಕಣ ಕೆರಳಿದ ಡಯಾಲಿಸಿಸ್ ರೋಗಿಗಳನ್ನೇ ಹೊರಗಿಟ್ಟರು. ಈ ಔಷಧಗಳಿಂದ ಮೈಯಲ್ಲಿ ನೀರು ತುಂಬಬಹುದು, ಮೂತ್ರ ನಿಂತವರಿಗೆ ಅದು ಅಪಾಯ ಎಂಬ ಅಂಜಿಕೆ ನ್ಯಾಯವಾದದ್ದೇ. ಆದರೂ ಅಂಜಿಕೆಯನ್ನು ಅಳೆದು ನೋಡಬೇಕು. ರಾಮದುರ್ಗದ ರೋಗಿಗೆ ಇದರಿಂದ ಒಳಿತೋ ಕೆಡುಕೋ ಎಂದು ಹೇಳಲು ವೈದ್ಯರ ಕೈಯಲ್ಲಿ ಆಧಾರವಿರಬೇಕು. ಪ್ರತಿ ಸರದಿಯ ಮುಂಚೆ, ಆಮೇಲೆ ಬಿಪಿ ಮತ್ತು ತೂಕ ಬರೆದಿಡುವ ರೂಢಿ ಡಯಾಲಿಸಿಸ್ ಕೋಣೆಗಳಲ್ಲಿ ಈಗಾಗಲೇ ಇದೆ. ಅದರ ಜೊತೆ ಮಾನೊಸೈಟ್ ಎಣಿಕೆಯನ್ನೂ ಸೇರಿಸಿದರೆ ತಾಲ್ಲೂಕು ಮಟ್ಟದಲ್ಲೇ ಅಧ್ಯಯನ ಶುರುವಾದೀತು.